ತೆಂಗಿನ ತೋಟದ ದಾರಿಗೊಂದು ಜಿಪಿಎಸ್

ತುರುವೇಕೆರೆಗೆ ಬಂದ ಮೊದಲ ವಾರ ನನಗೆ ಸೂರ್ಯ ಮುಳುಗಿದ್ದು ಕಾಣಲಿಲ್ಲ. ಬೆಳಕು ಕಡಿಮೆಯಾಗುತ್ತಿತ್ತು, ಆಮೇಲೆ ಇರುತ್ತಿರಲಿಲ್ಲ, ಅಷ್ಟೇ. ಯಾವ ಕಡೆ ಹೋಯಿತು ಎಂದು ತೋರಿಸುವ ಅಂಚು ಇಲ್ಲಿ ಇಲ್ಲ. ನಿಂತಲ್ಲಿಂದ ನೋಡಿದರೆ ತೆಂಗು, ಅದರ ಹಿಂದೆ ತೆಂಗು, ಅದರಾಚೆ ಅಡಿಕೆ, ಮತ್ತೆ ತೆಂಗು. ಆಸ್ಪತ್ರೆಯ ಸಹಾಯಕ ರಜೆ ಹಾಕಿದ್ದ ಒಂದು ಸಂಜೆ ಹಸುವೊಂದಕ್ಕೆ ಔಷಧಿ ಕೊಟ್ಟು ತೋಟದಿಂದ ಹೊರಟವಳು ಹಸಿರು ಬಾಗಿಲಿನ ಪಂಪ್ ಮನೆಯೊಂದನ್ನು ದಾಟಿದೆ. ಸ್ವಲ್ಪ ಹೊತ್ತಿಗೆ ಅದೇ ಪಂಪ್ ಮನೆ ಎದುರು ಬಂತು. ಬೇರೆ ದಾರಿ ಹಿಡಿದೆ. ಮತ್ತೆ ಅದೇ ಬಂತು. ಫೋನಿನ ನಕ್ಷೆಯಲ್ಲಿ ನನ್ನ ಕಾರು ಎಂಬ ನೀಲಿ ಚುಕ್ಕೆ ಬಿಳಿ ಹಾಳೆಯ ಮೇಲೆ ಸುಮ್ಮನೆ ನಿಂತಿತ್ತು, ಸುತ್ತ ಒಂದು ಗೆರೆಯೂ ಇಲ್ಲದೆ. ಕಾರಿನೊಳಗೆ ಕುಳಿತು ನಮ್ಮ ಕಡೆಯ ಮಾತಿನಲ್ಲಿ ಬೈದೆ. ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ, ಅದೊಂದು ಪುಣ್ಯ.

ಯಾದಗಿರಿ ಕಡೆಯ ಎರೆಹೊಲದಲ್ಲಿ ಬೆಳೆದ ನಮ್ಮೂರಿನವರೇ, ನಿಮಗೆ ಇದನ್ನು ಹೇಗೆ ತಿಳಿಸಲಿ? ನಮ್ಮಲ್ಲಿ ಹೊಲದ ಬದುವಿನ ಮೇಲೆ ನಿಂತರೆ ಮುಂದಿನ ಊರಿನ ಗುಡಿಯ ಶಿಖರ ಕಾಣುತ್ತದೆ, ಅದರಾಚೆಯ ಊರಿನ ಹುಣಸೆಮರವೂ ಕಾಣುತ್ತದೆ. ದಿಕ್ಕು ತಿಳಿಯದವರು ನಮ್ಮಲ್ಲಿ ಇಲ್ಲವೇ ಇಲ್ಲ. ಊಟಕ್ಕೆ ಕುಳಿತಾಗ ಕೂಡ ಅವ್ವ “ಒಂಚೂರು ಮೂಡಲಕ್ಕ ಸರಿ” ಅನ್ನುತ್ತಾಳೆಯೇ ಹೊರತು ಬಲಕ್ಕೆ ಅನ್ನುವುದಿಲ್ಲ. ಇಲ್ಲಿ ದಾರಿ ಕೇಳಿದರೆ ಸಿಗುವ ಉತ್ತರ ಬೇರೆ.

“ಒಂದ್ ತೋಟ ಬುಟ್ಟು ಇನ್ನೊಂದ್ ತೋಟ ಸಿಕ್ತದೆ ನೋಡಿ, ಅಲ್ಲಿ ತಿರೀಕಳಿ ಕಣಮ್ಮ.”

“ಇನ್ನೊಂದು ಅಂದ್ರ ಯಾವ್ದ್ರಿ? ಎಲ್ಲಾ ತೋಟಾನ ಅದಾವಲ್ರಿ?”

“ಅಯ್ಯೋ, ಕಾಣಕಿಲ್ವಾ? ಬೇರೆ ಬೇರೆ ಅವಲ್ಲ!”

ಅವರಿಗೆ ಅವು ಬೇರೆ ಬೇರೆಯೇ. ನಮಗೆ ಒಂದು ಜೋಳದ ಹೊಲ ಇನ್ನೊಂದರಂತೆ ಕಾಣುವುದಿಲ್ಲವಲ್ಲ, ಹಾಗೆ.

ನಾನು ಪಶುವೈದ್ಯೆ. ನಮ್ಮ ಮನೆಯಲ್ಲಿ ಪದವಿ ಪಡೆದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ. ಅಪ್ಪ ಹತ್ತಿ ಬಿಡಿಸುವ ಜಿನ್ನಿನಲ್ಲಿ ಅಂಡಿಗೆ, ಎಂದರೆ ಹತ್ತಿಯ ಮೂಟೆ, ಹೊತ್ತ; ಅವ್ವ ಬೇರೆಯವರ ಹೊಲದಲ್ಲಿ ಕಸ ತೆಗೆದಳು, ನಾನು ಬೀದರಿನಲ್ಲಿ ಓದಿದೆ. ಕೆಲಸ ಸಿಕ್ಕಿದ್ದು ರಾಜ್ಯದ ಈ ತುದಿಯಲ್ಲಿ. ತುರುವೇಕೆರೆಯಲ್ಲಿ ಗಂಗಮ್ಮ ಎಂಬ ಹಿರಿಯರ ಮನೆಯ ಹಿಂಭಾಗ ಬಾಡಿಗೆಗೆ ಸಿಕ್ಕಿತು. ನನ್ನ ಕೋಣೆಯ ಮೇಲೆ ಅವರ ಅಟ್ಟ. ಅಟ್ಟದ ತುಂಬ ಸಿಪ್ಪೆ ಸಮೇತ ತೆಂಗಿನಕಾಯಿ. ವರ್ಷದ ಹತ್ತಿರ ಅಲ್ಲೇ ಬಿಟ್ಟರೆ ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗುತ್ತದಂತೆ. ಮೊದಮೊದಲು ಕಾಯಿ ಉರುಳಿದ ಸದ್ದಿಗೆ ಬೆಚ್ಚುತ್ತಿದ್ದೆ. ನಮ್ಮ ಮನೆಯಲ್ಲಿ ಕಾಯಿ ಎಂದರೆ ಗುಡಿಗೆ ಒಯ್ದು ಒಡೆಸಿ, ತಂದ ಹೋಳನ್ನು ನಾಲ್ಕು ದಿನ ಕಾಪಾಡಿ ತುರಿಯುವ ವಸ್ತು. ಇಲ್ಲಿ ಅದು ಸಾರಿಗೆ, ಪಲ್ಯಕ್ಕೆ, ಚಟ್ನಿಗೆ, ಅಕ್ಕಿ ರೊಟ್ಟಿಗೆ, ಕೊನೆಗೆ ತಲೆಗೂ. ಜೋಳದ ಹಿಟ್ಟು ತಿಪಟೂರಿನ ಒಂದು ಗಿರಣಿಯಲ್ಲಿ ಸಿಕ್ಕಿದ ದಿನ ನಾನು ರೊಟ್ಟಿ ಬಡಿದ ಸದ್ದಿಗೆ ಗಂಗಮ್ಮನವರು ಓಡಿ ಬಂದರು. “ಏನಮ್ಮ, ಬಾಗ್ಲು ಬಡೀತಾ ಇದ್ಯಾರು?” ರೊಟ್ಟಿ ತಿಂದು ನೋಡಿ, “ಪರ್ವಾಗಿಲ್ಲ ಕಣಮ್ಮ, ಒಂಚೂರ್ ಕಾಯ್ ಹಾಕಿದ್ರೆ ಚೆನ್ನಾಗಿರದು” ಎಂದರು.

ಆಸ್ಪತ್ರೆಯ ಸಹಾಯಕ ರಾಜಣ್ಣ ನನ್ನ ಪಕ್ಕದ ಸೀಟಿನಲ್ಲಿ ಕುಳಿತು “ಎಡಕ್ಕೆ ಒಡೀರಿ, ಬಲಕ್ಕೆ ಒಡೀರಿ” ಎನ್ನುತ್ತಿದ್ದಷ್ಟು ದಿನ ನನಗೆ ತೊಂದರೆಯಿರಲಿಲ್ಲ. ಅವನಿಗೆ ಬೇರೆ ತಾಲ್ಲೂಕಿಗೆ ವರ್ಗವಾಯಿತು. ಬದಲಿಗೆ ಯಾರೂ ಬರಲಿಲ್ಲ. ನಮ್ಮ ಮೇಲಧಿಕಾರಿ ಒಳ್ಳೆಯವರೇ. ಕರೆದು ಹೇಳಿದರು: “ನೀವು ಆಸ್ಪತ್ರೇಲಿ ಕೂತು ಬಂದ ದನ ನೋಡ್ಕಳಿ. ಹಳ್ಳಿ ಸುತ್ತೋದನ್ನ ಇನ್ನೊಬ್ಬ ಡಾಕ್ಟ್ರಿಗೆ ಕೊಡ್ತೀನಿ. ದಾರಿ ಗೊತ್ತಿಲ್ದೆ ಒಬ್ಬರೇ ತೋಟ ತೋಟ ಅಲೀಬೇಡಿ.”

ನಾನು ಓದಿದ್ದು ಮೇಜಿನ ಹಿಂದೆ ಕೂರಲು ಅಲ್ಲ. ಹಸುವನ್ನು ಆಸ್ಪತ್ರೆಗೆ ಹೊಡೆದುಕೊಂಡು ಬರಬಲ್ಲವರು ತರುತ್ತಾರೆ. ಏಳಲಾಗದ ಹಸು ತೋಟದಲ್ಲೇ ಬಿದ್ದಿರುತ್ತದೆ. “ಕುರಿ ಲಸಿಕೆಯ ಈ ಸುತ್ತು ನಾನೇ ಮಾಡುತ್ತೇನೆ ಸರ್, ಒಬ್ಬಳೇ. ಆಗದಿದ್ದರೆ ನೀವು ಹೇಳಿದ ಹಾಗೆ” ಎಂದೆ. ಅವರು ಒಪ್ಪಿದರು. ಹೊರಗೆ ಬಂದು ಕಾರಿನಲ್ಲಿ ರಾಜಣ್ಣನ ಖಾಲಿ ಸೀಟನ್ನು ನೋಡಿದೆ. ಒಪ್ಪಿಸಿದ್ದೇನೋ ಆಯಿತು, ಆದರೆ ದಾರಿ ತೋರಿಸುವವರು ಯಾರು?

ಮರುದಿನವೇ ತಿಪಟೂರಿಗೆ ಹೋದೆ. ಕಾರಿನ ಸಾಮಾನು ಮಾರುವ ಸಿದ್ದರಾಮಣ್ಣನವರ ಅಂಗಡಿ. ಅಂಗಡಿಯ ಅರ್ಧ ಭಾಗದಲ್ಲಿ ಕೊಬ್ಬರಿ ಚೀಲ. ಅವರ ಮನೆತನದ ಮೂಲ ವ್ಯಾಪಾರ ಅದೇ.

“ಜಿಪಿಎಸ್ ಬೇಕಿತ್ರಿ.”

“ಫೋನಿಗೊಂದು ಸ್ಟ್ಯಾಂಡ್ ಹಾಕ್ಕೊಡ್ತೀನಿ ಮೇಡಮ್ಮೋರೆ. ಈಗ ಎಲ್ರೂ ಅದ್ರಾಗೇ ನೋಡ್ಕಳ್ಳದು.”

“ತೋಟದಾಗ ನೆಟ್‌ವರ್ಕ್ ಇರಂಗಿಲ್ರಿ. ನಕ್ಷೆ ಬಿಳಿ ಆಗ್ತದ.”

“ಹಂಗಾರೆ ಇದ್ ನೋಡಿ. ದೊಡ್ ಪರದೆ. ಸಿನಿಮಾನೂ ನೋಡ್ಬೋದು.”

“ಸಿನಿಮಾ ನೋಡ್ಕೋತ ಹೊಡದ್ರ ನಾಲೆಗೆ ಬೀಳ್ತೀನ್ರಿ.”

ಸಿದ್ದರಾಮಣ್ಣ ನಕ್ಕು, ಒಳಗಿನ ಕಪಾಟಿನಿಂದ ಧೂಳು ಹಿಡಿದ ಒಂದು ಪೆಟ್ಟಿಗೆ ತಂದರು. ಅಂಗೈಯಷ್ಟೇ ಪರದೆಯ ಬೇರೆಯದೇ ಸಾಧನ. ಗಾಜಿಗೆ ಅಂಟಿಸುವಂಥದು. “ಇದನ್ನ ಯಾರೂ ಕೇಳಕಿಲ್ಲ. ಯಾರೋ ಬೆಂಗ್ಳೂರಿನವ್ರು ತರ್ಸಿ, ಆಮ್ಯಾಲೆ ಬ್ಯಾಡ ಅಂದ್ರು” ಎಂದು ಬೇಸರದಿಂದಲೇ ಹೇಳಿದರು.

ನಾನು ಬಡವರ ಮನೆಯ ಮಗಳು, ಕಡ ತಂದು ಬಳಸಿ ನೋಡದೆ ಏನನ್ನೂ ಕೊಂಡವಳಲ್ಲ. “ಹಾಕ್ರಿ, ತೋಟದಾಗ ಹೋಗಿ ನೋಡೋಣು. ಆಮ್ಯಾಲ ತೊಗೋತೀನಿ” ಎಂದೆ. ಅವರಿಗೆ ತಮಾಷೆ ಎನಿಸಿರಬೇಕು, ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ ಬಂದು ಕಾರಿನಲ್ಲಿ ಕುಳಿತರು. ದೊಡ್ಡ ಪರದೆಯದನ್ನೂ ತೊಡೆಯ ಮೇಲಿಟ್ಟುಕೊಂಡು ತಂತಿ ಸಿಕ್ಕಿಸಿದರು. ಹಾಲ್ಕುರಿಕೆ ಕಡೆಯ ಒಂದು ಹಳೆಯ ತೋಟದೊಳಗೆ ಕಾರು ಇಳಿಸಿದೆ. ದೊಡ್ಡ ಪರದೆ ನನ್ನ ಫೋನಿನಿಂದಲೇ ನೆಟ್‌ವರ್ಕ್ ಬೇಡುತ್ತಿತ್ತು. ಫೋನಿಗೇ ಇಲ್ಲದ್ದನ್ನು ಅದಕ್ಕೆಲ್ಲಿಂದ ಕೊಡಲಿ? ಅದರ ಮೇಲೆ ಚಕ್ರವೊಂದು ಸುಮ್ಮನೆ ಸುತ್ತುತ್ತಲೇ ಇತ್ತು. ಚಿಕ್ಕದರ ನಕ್ಷೆ ಅದರ ಹೊಟ್ಟೆಯಲ್ಲೇ ಇತ್ತು. ಗರಿಗಳ ಕೆಳಗೆ ಚುಕ್ಕೆ ಕೊಂಚ ತಡಬಡಾಯಿಸಿತು, ತಡವಾಗಿ ಸರಿಯಿತು, ಆದರೆ ಸತ್ತು ಹೋಗಲಿಲ್ಲ. ಬಿಸಿಲಿನಲ್ಲೂ ಅಕ್ಷರ ಕಂಡವು. ಎಲ್ಲಕ್ಕಿಂತ ಮುಖ್ಯವಾಗಿ, ನಾವು ಬಂದ ದಾರಿ ಅದರಲ್ಲಿ ಗೆರೆಯಾಗಿ ಉಳಿಯುತ್ತಿತ್ತು. ಬೇಕಾದಲ್ಲಿ ಗುರುತು ಹಾಕಿ ಹೆಸರೂ ಕೊಡಬಹುದಿತ್ತು.

ಸಿದ್ದರಾಮಣ್ಣ ಬಗ್ಗಿ ನೋಡಿ ಹೇಳಿದರು: “ಆದ್ರೆ ಮೇಡಮ್ಮೋರೆ, ಇದ್ರಾಗೂ ತೋಟದೊಳಗೆ ಒಂದ್ ರಸ್ತೇನೂ ಇಲ್ವಲ್ಲ!”

“ರಸ್ತೆ ನಾ ಬರೀತೀನ್ರಿ.”

ಊರಿನಿಂದ ಯಾರಾದರೂ ನನ್ನನ್ನು ಕೇಳಿದರೆ ಹೇಳುತ್ತೇನೆ: ಡಾಂಬರು ರಸ್ತೆಯ ಮೇಲೆ ಓಡಾಡುವವರಿಗೆ ಫೋನೇ ಸಾಕು, ದುಡ್ಡು ದಂಡ ಮಾಡಬೇಡಿ. ಡಾಂಬರು ಬಿಟ್ಟು ಇಳಿಯುವವರು ನಕ್ಷೆಯನ್ನು ಒಳಗೇ ಇಟ್ಟುಕೊಂಡದ್ದನ್ನು, ನಡೆದ ದಾರಿ ನೆನಪಿಡುವಂಥದನ್ನು ನೋಡಿ. ಪರದೆ ದೊಡ್ಡದೋ ಚಿಕ್ಕದೋ ಎನ್ನುವುದು ಆಮೇಲಿನ ಮಾತು. ಅಂಗಡಿಯ ಗಾಜಿನ ಮುಂದೆ ನಿಂತು ಮಾತ್ರ ಆರಿಸಬೇಡಿ. ನೀವು ದಾರಿ ತಪ್ಪುವ ಜಾಗಕ್ಕೇ ಒಯ್ದು ನೋಡಿ.

ಆಮೇಲಿನ ದಿನಗಳಲ್ಲಿ ಬೆಳಿಗ್ಗೆ ಒಂದು ಹಳ್ಳಿ, ಮಧ್ಯಾಹ್ನ ಒಂದು ಹಳ್ಳಿ. ಹೋದ ತೋಟಕ್ಕೆಲ್ಲ ಯಜಮಾನರ ಹೆಸರು ಕೊಟ್ಟು ಗುರುತು ಹಾಕಿದೆ. ಎಲ್ಲಿ ಫೋನಿಗೆ ಸಿಗ್ನಲ್ ಸಿಕ್ಕಿತೋ ಅಲ್ಲೂ ಗುರುತು. ದಾರಿ ಹೇಳುವ ಯಂತ್ರದ ಹೆಂಗಸು ಆ ಹೆಸರುಗಳನ್ನು ಓದುವ ರೀತಿ ಕೇಳಿ ದಬ್ಬೇಘಟ್ಟದ ರೈತರು ಕಾರಿನ ಸುತ್ತ ನಿಂತು ನಗುತ್ತಿದ್ದರು. “ಅವಳಿಗೇಳಿ ಮೇಡಂ, ಅದು ಬೋರೇಗೌಡ್ರು, ಬೋರ್‌ಗೌಡಾ ಅಲ್ಲ ಅಂತ!” ಕೆಲವರು ತಮ್ಮ ಹೆಸರು ಪರದೆಯಲ್ಲಿ ಬರಲಿ ಎಂದೇ ಹಸುವಿಗೆ ಏನಾದರೂ ಕಾಯಿಲೆ ಹುಡುಕಿ ಕರೆಯುತ್ತಿದ್ದರು ಎಂಬ ಗುಮಾನಿ ನನಗಿದೆ. ಖಾಲಿ ಹಾಳೆಯ ಮೇಲೆ ಗೆರೆಗಳು ಜೇಡರ ಬಲೆಯ ಹಾಗೆ ಹರಡಿದವು. ಸಂಜೆ ಮನೆಗೆ ಬಂದು ಅದನ್ನು ನೋಡುತ್ತಾ ಕೂರುವುದೇ ಒಂದು ಸುಖವಾಗಿತ್ತು. ಇಷ್ಟು ನೆಲ ನನಗೆ ಗೊತ್ತು ಎಂಬ ಸುಖ.

ಲಸಿಕೆಯ ಸುತ್ತಿನಲ್ಲಿ ಉಳಿದದ್ದು ಚಿತ್ತಯ್ಯನ ಕುರಿಮಂದೆ.

ಚಿತ್ತಯ್ಯ, ಅವನ ಹೆಂಡತಿ ಈರಮ್ಮ ಹುಳಿಯಾರು ಕಡೆಯ ಹಟ್ಟಿಯವರು. ಮಳೆಗಾಲ ಹಿಂದಾದ ಮೇಲೆ ಕುರಿ ಹೊಡೆದುಕೊಂಡು ಈ ತೋಟಗಳ ಸೀಮೆಗೆ ಬರುತ್ತಾರೆ. ತೋಟದವರು ಕರೆಯುತ್ತಾರೆ: ನಮ್ಮ ತೋಟದಲ್ಲಿ ನಾಲ್ಕು ರಾತ್ರಿ ಮಂದೆ ಹಾಕು ಎಂದು. ಕುರಿ ಮಲಗಿದ ಕಡೆ ಹಿಕ್ಕೆ, ಗಂಜಲ ಬಿದ್ದು ತೆಂಗಿಗೆ ಗೊಬ್ಬರವಾಗುತ್ತದೆ. ಕುರಿಯವರಿಗೆ ರಾಗಿ, ಕಾಯಿ, ಕೂಲಿ ಸಿಗುತ್ತದೆ. ನಮ್ಮಲ್ಲಿ ಕುರಿ ತರುಬುವುದು ಅನ್ನುತ್ತೇವಲ್ಲ, ಅದೇ. ಬಲ್ಲ ವಿಷಯವೇ. ಆದರೆ ನಮ್ಮ ಬಯಲಿನಲ್ಲಿ ಮಂದೆ ಎದ್ದರೆ ಹರದಾರಿ ದೂರದಿಂದ ಧೂಳು ಕಾಣುತ್ತದೆ. ಇಲ್ಲಿ ಬೇಲಿಯಾಚೆ ಇನ್ನೂರು ಕುರಿ ಮೇಯುತ್ತಿದ್ದರೂ ಕಾರಿನಲ್ಲಿ ಹೋಗುವವಳಿಗೆ ಕಾಣುವುದು ತೆಂಗಿನ ಬೊಡ್ಡೆ ಮಾತ್ರ.

ಪಕ್ಕದ ಹೋಬಳಿಯ ಒಂದು ಮಂದೆಯಲ್ಲಿ ಕುರಿಗಳ ಮೂಗು ಸುರಿದು, ಭೇದಿ ಹತ್ತಿ, ಸಾಯತೊಡಗಿವೆ ಎಂದು ಸುದ್ದಿ ಬಂತು. ಪಿಪಿಆರ್ ಎಂದು ನಾವು ಕರೆಯುವ ರೋಗ. ಹಬ್ಬಿದರೆ ಮಂದೆಗೆ ಮಂದೆಯೇ ಹೋಗುತ್ತದೆ. ಅದು ಚಿತ್ತಯ್ಯನ ಕುರಿಗಳನ್ನು ತಲುಪುವ ಮೊದಲು ನಾನು ತಲುಪಬೇಕಿತ್ತು. ಲಸಿಕೆಯ ಸಂಗತಿ ನಿಮಗೆ ತಿಳಿದಿರಲಿ: ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ ಒಯ್ಯಬೇಕು. ಮಂಜು ಕರಗಿದರೆ ಅದು ಔಷಧಿಯಲ್ಲ, ನೀರು. ದಾರಿ ತಪ್ಪಿದ ಡಾಕ್ಟರ ಕೈಯಲ್ಲಿ ಅದು ಸಾಯುತ್ತದೆ. ನಮ್ಮ ಅಧಿಕಾರಿಗಳ ಭಯವೂ ಅದೇ ಆಗಿತ್ತು, ಸುಮ್ಮನೆ ಹೇಳಿದ ಮಾತಲ್ಲ.

ಹಿಂದಿನ ವಾರ ಬೋರೇಗೌಡರ ತೋಟದಲ್ಲಿ ಈರಮ್ಮನನ್ನು ಕಂಡು, ದಿನ ಗೊತ್ತು ಮಾಡಿ, ಗುರುತು ಹಾಕಿ ‘ಚಿತ್ತಯ್ಯ’ ಎಂದು ಹೆಸರು ಕೊಟ್ಟಿದ್ದೆ. ಮನೆಗೆ ಹೆಸರು ಕೊಟ್ಟ ಹಾಗೆ! ಬೆಳಿಗ್ಗೆ ಪೆಟ್ಟಿಗೆಗೆ ಮಂಜುಗಡ್ಡೆ ತುಂಬಿ ಹೊರಟೆ. ಒಂದು ತಿರುವೂ ತಪ್ಪಲಿಲ್ಲ. ಯಂತ್ರದ ಹೆಂಗಸು ತಲುಪಿದ್ದೀರಿ ಎಂದು ಹೆಮ್ಮೆಯಿಂದ ಹೇಳಿದಳು. ಇಳಿದು ನೋಡಿದರೆ ನೆಲದ ತುಂಬ ಹಿಕ್ಕೆ, ಕುರಿ ಕೂಡುವ ರೊಪ್ಪದ ಗೂಟ ಕಿತ್ತ ಕುಳಿಗಳು, ಒಲೆಯ ಮೂರು ಕಲ್ಲು. ಒಂದು ಕುರಿಯೂ ಇಲ್ಲ.

ಬೋರೇಗೌಡರು ಎಳನೀರು ಕೆತ್ತುತ್ತಾ ಬಂದರು. “ಮಂದೆ ಮೊನ್ನೇನೇ ಎದ್ದೋಯ್ತು ಕಣಮ್ಮ. ಮಳೆ ಮೋಡ ಆಯ್ತಲ್ಲ, ಇಲ್ಲಿ ಕೆಸರಾಯ್ತದೆ ಅಂತ ಹೊಂಟೋದ್ರು. ತಗಳಿ, ಎಳ್ನೀರ್ ಕುಡೀರಿ.”

“ಯಾ ಕಡೆ ಹೋದ್ರು ಗೌಡ್ರೆ?”

“ಅತ್ಲಾಗೆ.” ಕೈಯಲ್ಲಿದ್ದ ಮಚ್ಚಿನಿಂದ ಅರ್ಧ ಜಗತ್ತನ್ನು ತೋರಿಸಿದರು.

ಚಿತ್ತಯ್ಯನ ಫೋನ್ ಸ್ವಿಚ್ ಆಫ್. ಪಂಪಿಗೆ ಕರೆಂಟು ಬಂದಾಗ ಯಾರದೋ ಪಂಪ್ ಮನೆಯಲ್ಲಿ ಚಾರ್ಜಿಗೆ ಇಡುವವರು ಅವರು. ಪೆಟ್ಟಿಗೆಯ ಮುಚ್ಚಳದ ಅಂಚಿನಿಂದ ಒಂದು ಹನಿ ನನ್ನ ಚಪ್ಪಲಿಯ ಮೇಲೆ ಬಿತ್ತು. ವಾಪಸು ಹೋಗಿ ಲಸಿಕೆಯನ್ನು ಫ್ರಿಜ್ಜಿನಲ್ಲಿಟ್ಟು, ಆಸ್ಪತ್ರೆಯ ಕುರ್ಚಿಯಲ್ಲಿ ಕೂರುವುದು ಸುಲಭವಿತ್ತು. ಎಳನೀರು ಕುಡಿದೆ. ಕಾರಿನಲ್ಲಿ ಕುಳಿತು ಪರದೆಯನ್ನು ಹಿಗ್ಗಿಸಿ, ಆ ‘ಅತ್ಲಾಗೆ’ ಎಂಬುದರಲ್ಲಿ ನನ್ನ ಯಾವ ಯಾವ ಗುರುತುಗಳಿವೆ ಎಂದು ನೋಡಿದೆ. ಮಂದೆ ಗಾಳಿಯಲ್ಲಿ ಹೋಗುವುದಿಲ್ಲ, ಯಾವುದೋ ತೋಟಕ್ಕೇ ಹೋಗಿರುತ್ತದೆ. ತೋಟಕ್ಕೆ ಯಜಮಾನರಿರುತ್ತಾರೆ. ಆ ಯಜಮಾನರ ಹಸುಗಳ ಕೆಚ್ಚಲು ನೋಡಿದವಳು ನಾನೇ, ಅವರ ನಂಬರುಗಳೂ ನನ್ನ ಬಳಿಯೇ ಇವೆ. ಬಾಳೆ ಸಸಿ ಇಟ್ಟ ತೋಟಗಳನ್ನು ಬಿಟ್ಟೆ, ಅಲ್ಲಿಗೆ ಕುರಿ ಬಿಡುವುದಿಲ್ಲ. ತಗ್ಗಿನ ತೋಟಗಳನ್ನೂ ಬಿಟ್ಟೆ, ಕೆಸರಿಗೆ ಹೆದರಿ ಎದ್ದವರು ಕೆಸರಿಗೇ ಹೋಗುವುದಿಲ್ಲ. ಉಳಿದ ಹೆಸರು ಬೆರಳೆಣಿಕೆಯವು. ಹತ್ತಿರದ ಸಿಗ್ನಲ್ ಗುರುತಿಗೆ ಕಾರು ತಿರುಗಿಸಿ, ನಾಲೆಯ ಏರಿಯ ಮೇಲೆ ನಿಂತು ಒಬ್ಬೊಬ್ಬರಿಗೇ ಫೋನು ಹಚ್ಚಿದೆ.

“ಇಲ್ಲ ಕಣ್ರೀ, ನಮ್ಮಲ್ಲಿ ಹೋದ್ ತಿಂಗ್ಳು ಹಾಕ್ಸಿದ್ವಿ.”

“ಮಂದೇನಾ? ನಮ್ ಬಾಮೈದನ್ ತೋಟಕ್ ಕರ್ದಿದ್ದ. ಬಂದ್ರೋ ಇಲ್ವೋ.”

ನಂಜಪ್ಪ ಎಂಬುವರಿಗೆ ಮಾಡಿದಾಗ ಆ ಕಡೆಯಿಂದ ನಾಯಿ ಬೊಗಳುವ ಸದ್ದು. “ಏನ್ ಡಾಕ್ಟ್ರಮ್ಮ, ನಮ್ ತೋಟಕ್ ನಾಡಿದ್ ಬತ್ತಾರೆ. ಈಗ ನಮ್ ಅಣ್ಣಾರ ತೋಟದಾಗವ್ರೆ, ಬೇಲಿ ಆಚೆ. ಅಗೋ, ಈರಮ್ಮ ಇಲ್ಲೇ ನೀರ್ ಹಿಡೀತಾವ್ಳೆ. ಕರೀಲಾ?”

“ಬ್ಯಾಡ್ರಿ! ಹೋಗಬ್ಯಾಡ ಅಂತ ಹೇಳ್ರಿ ಅಷ್ಟ. ಈಗ ಬಂದೆ.”

ಅಣ್ಣನವರ ತೋಟಕ್ಕೆ ನನ್ನಲ್ಲಿ ಗುರುತಿರಲಿಲ್ಲ. ಆದರೆ ಅದರ ಬೇಲಿಯ ಮಗ್ಗುಲಲ್ಲಿ ನನ್ನದೇ ಒಂದು ಗೆರೆ ಹಾದಿತ್ತು. ಹಿಂದೊಮ್ಮೆ ದಾರಿ ತಪ್ಪಿ ಅಲೆದ ಗೆರೆ. ತಪ್ಪಿದ ದಾರಿಯನ್ನೂ ಯಂತ್ರ ನೆನಪಿಟ್ಟಿತ್ತು. ಆ ಗೆರೆಯ ಮೇಲೆ ಕಾರು ಬಿಟ್ಟೆ. ಕೊನೆಯಲ್ಲಿ ದಾರಿಗೆ ಅಡ್ಡವಾಗಿ ಕಾಯಿ ರಾಶಿ ಸುರಿದಿದ್ದರು. ಕಾರು ಅಲ್ಲೇ ಬಿಟ್ಟು, ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು, ರಾಶಿ ಹತ್ತಿ ಇಳಿದೆ. ಅಪ್ಪನ ಅಂಡಿಗೆ ಇದಕ್ಕಿಂತ ಭಾರವಿತ್ತು.

ಈರಮ್ಮ ನನ್ನನ್ನು ಕಂಡು ಕೊಡ ಕೆಳಗಿಟ್ಟಳು. “ಅಯ್ಯೋ ನಿನ್ ಮನೆ ಕಾಯ್ವಾಗ! ನಾವೇ ಎಲ್ಲಿಗ್ ಹೋಗ್ತೀವಿ ಅಂತ ನಮ್ಗೇ ಗೊತ್ತಿರ್ಲಿಲ್ಲ, ನೀನೆಂಗ್ ಬಂದ್ಯವ್ವ?”

“ನೀವು ಹೋಗೂದಾದ್ರ ಒಂದ್ ಮಾತ್ ಹೇಳಬಾರದೇನಬೇ?”

ಚಿತ್ತಯ್ಯ ತಲೆ ಕೆರೆದುಕೊಂಡ. “ಆ ಟಿವೀಲಿ ಕಾಣ್ತದೆ ಅಂದ್ಕಂಡ್ವಿ ಕಣವ್ವ. ಕುರಿಗಳ್ನೂ ತೋರ್ಸ್ತದೆ ಅಂತ ಗೌಡ್ರು ಹೇಳಿದ್ರು.”

“ತೋಟ ತೋರಸ್ತದ. ಕುರಿ ನೀವೇ ತೋರಸ್ಬೇಕು.”

ಪೆಟ್ಟಿಗೆ ತೆಗೆದೆ. ಮಂಜು ಅರ್ಧ ಉಳಿದಿತ್ತು, ಲಸಿಕೆಯ ಸೀಸೆ ಬೆರಳಿಗೆ ಕೊರೆಯುವಷ್ಟು ತಣ್ಣಗಿತ್ತು. ಚಿತ್ತಯ್ಯ ಕುರಿಯನ್ನು ಹಿಡಿದು ಕೊಡುತ್ತಾ ಹೋದ, ನಾನು ಚುಚ್ಚುತ್ತಾ ಹೋದೆ, ಈರಮ್ಮ ಆದವಕ್ಕೆ ಬೆನ್ನ ಮೇಲೆ ಕೆಮ್ಮಣ್ಣು ಹಚ್ಚುತ್ತಾ ಹೋದಳು. ಮುಗಿಯುವ ಹೊತ್ತಿಗೆ ನನ್ನ ಸೊಂಟ ನನ್ನದಾಗಿರಲಿಲ್ಲ.

ರೋಗ ನಮ್ಮ ಹೋಬಳಿಗೂ ಬಂತು, ಬೇರೆ ಮಂದೆಗಳನ್ನು ಮುಟ್ಟಿತು. ಚಿತ್ತಯ್ಯನ ಕುರಿಗಳು ಉಳಿದವು. ಅಧಿಕಾರಿಗಳು ಹೆಚ್ಚು ಮಾತಾಡಲಿಲ್ಲ. “ಹಳ್ಳಿ ಸುತ್ತೋದು ನಿಮ್ಮದೇ ಇರಲಿ” ಎಂದರು. ನನಗೆ ಅಷ್ಟು ಸಾಕಾಗಿತ್ತು. ಈಗ ಮಂದೆ ಏಳುವ ಹಿಂದಿನ ದಿನ ಈರಮ್ಮನೇ ಯಾರದಾದರೂ ಫೋನಿನಿಂದ ಕರೆಯುತ್ತಾಳೆ: “ನಾಳೀಕ್ ಏಳ್ತೀವಿ ಕಣವ್ವ, ಬರ್ಕೋ ನಿನ್ ಟಿವೀಲಿ.”

ಮೊನ್ನೆ ರಸ್ತೆಯ ಮಗ್ಗುಲಿನ ತೋಟವೊಂದರಲ್ಲಿ ಅವರ ಕುಂಟುತ್ತಿದ್ದ ಟಗರನ್ನು ನೋಡುತ್ತಿದ್ದಾಗ ಅಪ್ಪನ ಫೋನು ಬಂತು. ನಮ್ಮ ಪಕ್ಕದ ತಾಲ್ಲೂಕಿನಲ್ಲಿ ಪಶುವೈದ್ಯರ ಜಾಗ ಖಾಲಿಯಾಗಿದೆಯಂತೆ.

“ಅರ್ಜಿ ಹಾಕ್ತಿಯಿಲ್ಲೋ ಯವ್ವಾ?”

“ಈಗ ಬ್ಯಾಡಪ್ಪ.”

ಅಪ್ಪ ಅಂದ: “ನಮ್ಮ ದನಾ ನೋಡ್ಲಿ ಅಂತ ಓದ್ಸಿದ್ದೆ.”

ಅಲ್ಲಿಯ ಬಯಲಿಗೆ ನಾನು ಬೇಕು, ಅದು ನನಗೂ ಗೊತ್ತು. ಇಲ್ಲಿ ಬರೆದ ಗೆರೆಗಳ ಸಮೇತ ನಾನು ಹೊರಟರೆ ಮುಂದೆ ಬರುವವರು ಮತ್ತೆ ಖಾಲಿ ಹಾಳೆಯಿಂದ ಶುರು ಮಾಡಬೇಕು, ಅದೂ ಗೊತ್ತು. “ಅಪ್ಪಾ, ಆಕಳು ಯಾಕೋ ಮೇಯವಲ್ದು ಅಂದಿದ್ದಿಯಲ್ಲ? ವಿಡಿಯೋ ಹಚ್ಚು, ತೋರ್ಸು” ಎಂದೆ.

ನಮ್ಮ ಅಂಗಳ ಪರದೆಯ ಮೇಲೆ ಬಂತು. ಈರಮ್ಮ ಟಗರಿನ ಕಾಲು ಬಿಟ್ಟು ನನ್ನ ಭುಜದ ಮೇಲಿಂದ ಇಣುಕಿದಳು. “ಒಳ್ಳೆ ಹಸ ಕಣಣ್ಣ. ಎಷ್ಟನೇ ಕರು?”

“ಯಾರಬೇ ಆಕಿ?” ಎಂದ ಅಪ್ಪ.

“ನಮ್ಮ ಈರಮ್ಮ.”

ಆ ‘ನಮ್ಮ’ ಅಪ್ಪನಿಗೆ ಕೇಳಿಸಿರಬೇಕು. ಕೆಮ್ಮಿ, ಅವಳನ್ನೇ ಕೇಳಿದ: “ನಮ್ಮ ಹುಡುಗಿ ಉಣ್ತಾಳೇನ್ರಿ ಸರಿಯಾಗಿ ಅಲ್ಲಿ?”

“ಉಣ್ತಾಳೆ ಬುಡಣ್ಣ. ಆದ್ರೆ ಮುದ್ದೇನ ನುಂಗಕಿಲ್ಲ, ರೊಟ್ಟಿ ಅಗ್ದಂಗೆ ಅಗೀತಾಳೆ!”

ಅಪ್ಪ ನಕ್ಕ. ನಗು ನಿಂತ ಮೇಲೂ ಫೋನು ಹಿಡಿದೇ ಇದ್ದ. ಆಕಳು ಹತ್ತಿರ ಬಂದು ಮೂಸಿತು, ಪರದೆಯ ತುಂಬ ಒದ್ದೆ ಮೂಗು ಬಂದು ಎಲ್ಲ ಮಸುಕಾಯಿತು.

“ಒಂಚೂರ್ ಹಿಂದಕ್ಕ ಹಿಡಿಯಪ್ಪ, ಕಣ್ಣು ಕಾಣವಲ್ವು.”

“ನೀನ ಬಂದು ನೋಡು” ಎಂದ ಅಪ್ಪ. ಹಾಗೆಂದವನು ಒಂದು ಹೆಜ್ಜೆ ಹಿಂದಕ್ಕೂ ಸರಿದು, ಫೋನನ್ನು ಆಕಳ ಕಣ್ಣಿಗೆ ನೇರವಾಗಿ ಹಿಡಿದ.